ರೂಟರ್ ಮೆಷಿನ್‌ಗೆ ಸಾಫ್ಟ್‌ವೇರ್ ಹಾಕಿದ್ದು: ಫೋನಿನಲ್ಲೇ ಸಿಕ್ಕ ಸಹಾಯ

ಉಡುಪಿಯಲ್ಲಿ ನಮ್ಮದು ಮರದ ಕೆಲಸ. ಬಾಗಿಲು, ದೇವರ ಮಂಟಪ, ಇಂಥವು. ಕೆತ್ತನೆಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್ ತಂದೆ. ಕಂಪ್ಯೂಟರ್ ಅದರ ಜೊತೆ ಬರಲಿಲ್ಲ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಆರ್ಡುಯಿನೊ ಎಂಬ ಸಣ್ಣ ಕಂಟ್ರೋಲ್ ಬೋರ್ಡ್, ಅದರಲ್ಲಿ ಮೆಷಿನ್ ಓಡಿಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್.

ಮಣಿಪಾಲದಲ್ಲಿ ಇಂಥ ಮೆಷಿನ್ ರಿಪೇರಿ ಮಾಡುವ ಹುಡುಗನೊಬ್ಬನಿದ್ದಾನೆ. ಫೋನ್ ಮಾಡಿ "ಮೆಷಿನ್ ಸರಿ ಓಡುದಿಲ್ಲ ಮಾರಾಯ" ಅಂದೆ. "ಹಾಗೆ ಹೇಳಿದ್ರೆ ನಂಗೆ ಎಂತ ಗೊತ್ತಾಗ್ತದೆ ಅಣ್ಣ? ಮೋಟರ್ ಓಡಿಸುವ ಡ್ರೈವಿನ ಸಣ್ಣ ಸ್ವಿಚ್‌ಗಳದ್ದು, ಮೋಟರ್ ತಿರುಗಿಸುವ ಉದ್ದ ಸ್ಕ್ರೂದು, ಮತ್ತೆ ಡಾಲರ್ ಡಾಲರ್ ಹೊಡೆದ್ರೆ ಬರುವ ಸೆಟ್ಟಿಂಗ್ ಪಟ್ಟಿದು ಫೋಟೊ ಕಳ್ಸಿ" ಅಂದ.

ಆ ಪಟ್ಟಿ ಬರಬೇಕಾದರೆ ಮೊದಲು ಲ್ಯಾಪ್‌ಟಾಪ್‌ಗೆ ಬೋರ್ಡ್ ಕಾಣಬೇಕಲ್ವಾ? ಕಡಿಮೆ ಬೆಲೆಯ ಆರ್ಡುಯಿನೊಗಳಲ್ಲಿ ಯುಎಸ್‌ಬಿ ಕನೆಕ್ಷನ್ ನೋಡಿಕೊಳ್ಳುವ ಸಿಎಚ್340 ಎಂಬ ಚಿಪ್ ಹೆಚ್ಚಾಗಿ ಇರುತ್ತದೆ. ನನ್ನದೂ ಅದೇ. ಅದರ ಡ್ರೈವರ್ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ಗೆ ಹಾಕಿದ ಮೇಲೆ ಪೋರ್ಟ್ ಕಂಡಿತು. ಬೋರ್ಡಿಗೆ ಆಜ್ಞೆ ಕಳಿಸುವ ಯೂನಿವರ್ಸಲ್ ಜಿಕೋಡ್ ಸೆಂಡರ್ ಎಂಬ ಸಾಫ್ಟ್‌ವೇರ್ ತೆರೆದು, ವೇಗ 115200 ಇಟ್ಟು, ಕನೆಕ್ಟ್ ಒತ್ತಿದೆ. ಕೀಬೋರ್ಡಿನಲ್ಲಿ $$ ಹೊಡೆದರೆ ಸೆಟ್ಟಿಂಗ್ ಎಲ್ಲ ಸಾಲಾಗಿ ಬಂತು.

ಮರದ ಮೇಲೆ ಪೆನ್ಸಿಲ್ ಗೆರೆ ಹಾಕಿ, ಎಕ್ಸ್ ಕಡೆಗೆ 100 ಮಿ.ಮೀ. ಹೋಗು ಅಂದೆ. ಸ್ಕೇಲ್ ಇಟ್ಟು ನೋಡಿದರೆ 78ರ ಹತ್ತಿರ ನಿಂತಿದೆ! ಅಳತೆ ಹೇಳಿದ್ದೇ ತಡ, ಹುಡುಗ ನಕ್ಕ. ಡ್ರೈವಿನ ಸ್ವಿಚ್ ಪ್ರಕಾರ ಮೋಟರ್ ಒಂದು ಸುತ್ತು ತಿರುಗಲು ಬೋರ್ಡಿನಿಂದ 1600 ಪಲ್ಸ್ (ವಿದ್ಯುತ್ ಮಿಡಿತ) ಬೇಕು. ಒಂದು ಸುತ್ತಿಗೆ ಸ್ಕ್ರೂ 5 ಮಿ.ಮೀ. ಸರಿಯುತ್ತದೆ. 1600ನ್ನು 5ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 320 ಪಲ್ಸ್. ಪಟ್ಟಿಯಲ್ಲಿ ಎಕ್ಸ್‌ನ ಈ ಲೆಕ್ಕ ಇರುವ $100ರ ಎದುರು ಇದ್ದದ್ದು 250, ಅಂದರೆ ಜಿಆರ್‌ಬಿಎಲ್ ತಾನೇ ಇಟ್ಟುಕೊಂಡು ಬರುವ ಲೆಕ್ಕ. 320ರಲ್ಲಿ 250 ಎಷ್ಟೋ, 100ರಲ್ಲಿ 78 ಅಷ್ಟೇ. $100=320 ಅಂತ ಹೊಡೆದೆ, ಗೆರೆಗೆ ಸರಿಯಾಗಿ ನಿಂತಿತು. ವೈ, ಝಡ್‌ಗೆ $101, $102. ಸ್ಕ್ರೂ ಬೇರೆ ಇದ್ದರೆ ಲೆಕ್ಕವೂ ಬೇರೆ. ಇನ್ನೊಬ್ಬರ ನಂಬರ್ ಸುಮ್ನೆ ಹಾಕಬೇಡಿ.

ಇನ್ನೊಂದು, $1. ಅದು 25 ಇದ್ದರೆ, ಓಟ ನಿಂತ ಕೂಡಲೇ ಮೋಟರಿನ ಹಿಡಿತ ಬಿಟ್ಟುಹೋಗುತ್ತದೆ. ಕೆತ್ತುವ ಬಿಟ್ ತಿರುಗಿಸುವ ನನ್ನ ಸ್ಪಿಂಡಲ್ಲಿನ ಭಾರಕ್ಕೆ, ಮೇಲೆ ಕೆಳಗೆ ಹೋಗುವ ಝಡ್ ಮೆಲ್ಲ ಕೆಳಗೆ ಜಾರುತ್ತಿತ್ತು. 255 ಮಾಡಿದ ಮೇಲೆ ಬಿಗಿಯಾಗಿ ನಿಂತಿತು. ಮೋಟರ್ ಸ್ವಲ್ಪ ಬಿಸಿಯಾಗುತ್ತದೆ, ಅದಿರಲಿ.

ಸಾಫ್ಟ್‌ವೇರಿನ ಪಾಡು ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ಸ್ಪಿಂಡಲ್ ಆನ್ ಮಾಡಿ ಕೆತ್ತುವಾಗ ಲ್ಯಾಪ್‌ಟಾಪ್ ಕನೆಕ್ಷನ್ ಕಟ್. ಕೆತ್ತನೆ ಅರ್ಧಕ್ಕೆ! ಸ್ಪಿಂಡಲ್ ಇಲ್ಲದೆ ಅದೇ ಫೈಲ್ ಗಾಳಿಯಲ್ಲಿ ಓಡಿಸಲು ಹೇಳಿದ ಹುಡುಗ. ಕೊನೆಯ ತನಕ ಓಡಿತು. ಹಾಗಾದರೆ ತೊಂದರೆ ಸ್ಪಿಂಡಲ್ಲಿನ ವೇಗ ನೋಡಿಕೊಳ್ಳುವ ವಿಎಫ್‌ಡಿ ಎಬ್ಬಿಸುವ ನಾಯ್ಸ್, ಅಂದರೆ ವಿದ್ಯುತ್ ಗದ್ದಲ. ಸ್ಪಿಂಡಲ್ಲಿಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್ ಹಾಕಿ ಶೀಲ್ಡನ್ನು ಅರ್ತ್‌ಗೆ ಕೊಟ್ಟೆವು, ಮೋಟರ್ ವೈರುಗಳಿಂದ ದೂರ ಎಳೆದೆವು. ಉದ್ದದ ಯುಎಸ್‌ಬಿ ಕೇಬಲ್ ತೆಗೆದು ಗಿಡ್ಡದ್ದು ಹಾಕಿದೆವು. ಜಾಸ್ತಿ ಕೆಲಸ ಕೊಟ್ಟದ್ದು ಅರ್ತ್. ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಆಗ ಅರ್ತ್ ಸರಿ ಸಿಗುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ದ ಮೇಲೆ ಕಟ್ ಆಗುವುದು ನಿಂತಿತು. ಮಳೆ ಶುರುವಾಗುವ ತನಕ ಆ ಗುಂಡಿಗೆ ಆಗಾಗ ನೀರು ಹೊಯ್ಯಲೇಬೇಕು ಅಂದಿದ್ದಾರೆ.

ಸರಿಯಾದ $$ ಪಟ್ಟಿಯ ಪ್ರಿಂಟ್ ಈಗ ಮೆಷಿನ್ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಬೋರ್ಡ್ ಹೋದರೆ ಹೊಸದಕ್ಕೆ ಅದನ್ನೇ ನೋಡಿ ಹೊಡೆಯುವುದು.