ಸರ್ಕಾರಿ ಶಾಲೆಯ ಲೆಕ್ಕ ಕೇಳುವುದು ಹೇಗೆ

ಊರಿನ ಶಾಲೆಯ ಮೇಲೆ ಸಿಟ್ಟು ಬಂದಾಗ ನಾಲ್ಕು ಜನ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿ ಜೋರು ಮಾಡುತ್ತಾರೆ. ಎರಡು ವಾರ ಎಲ್ಲ ನೆಟ್ಟಗಿರುತ್ತದೆ, ಆಮೇಲೆ ಮತ್ತೆ ಹಳೇ ರಾಗ. ಕೈಯಲ್ಲಿ ಕಾಗದವಿಲ್ಲದ ಜಗಳದ ಹಣೆಬರಹವೇ ಇಷ್ಟು. ಮೊದಲು ದಾಖಲೆ ನೋಡಿ, ದೂರು ಆಮೇಲೆ ಬರೆಯಿರಿ.

ದಾಖಲೆಗೆ ಹತ್ತಿರದ ಬಾಗಿಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಕರ್ನಾಟಕದಲ್ಲಿ ಇದು 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸವೆಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಲೆಕ್ಕ ಕೇಳುವ ಸದಸ್ಯೆ ಯಾರ ಅಧಿಕಾರಕ್ಕೂ ಕೈ ಹಾಕುತ್ತಿಲ್ಲ, ತನ್ನ ಕೆಲಸ ಮಾಡುತ್ತಿದ್ದಾಳೆ.

ಎಡವಟ್ಟು ಶುರುವಾಗುವುದು ನಡಾವಳಿ ಪುಸ್ತಕದಲ್ಲಿ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ತೀರ್ಮಾನವನ್ನು ಆಮೇಲೆ ಬರೆದುಕೊಳ್ಳುವುದು ಹಳೇ ಚಾಳಿ. ಸಭೆ ಮುಗಿದ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಸಹಿ ಹಾಕಿ, ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ, ಏಳುವ ಮೊದಲೇ ಪುಟದ ಫೋಟೊ ತೆಗೆದುಕೊಳ್ಳಿ. ಇಷ್ಟು ಮಾಡಿದರೆ ಮುಂದಿನ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಇನ್ನು ದುಡ್ಡು. ಸಮಗ್ರ ಶಿಕ್ಷಣ ಎಂಬ ಕೇಂದ್ರ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಶೌಚಾಲಯಕ್ಕೆ ಫಿನಾಯಿಲ್ ಕೊಳ್ಳಲು ದುಡ್ಡಿಲ್ಲ ಎನ್ನುವವರಿಗೆ ಈ ಸಾಲನ್ನು ತೋರಿಸಬಹುದು. ಖಾತೆಯ ವಿವರ, ನಗದು ಪುಸ್ತಕ, ವೋಚರ್, ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿ. ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಅನುದಾನ ಬಿಡುಗಡೆಯಾದ ದಿನಾಂಕವನ್ನೂ ಗಮನಿಸಿ. ಮಾರ್ಚ್‌ನಲ್ಲಿ ಬಂದ ದುಡ್ಡನ್ನು ಹಿಂದಿನ ಜೂನ್‌ನಲ್ಲೇ ಯಾಕೆ ಖರ್ಚು ಮಾಡಲಿಲ್ಲ ಎಂದು ಹೆಡ್‌ಮಾಸ್ಟರನ್ನು ಕೇಳಿದರೆ ನಗೆಪಾಟಲಾಗುವುದು ನೀವೇ.

ಬಿಸಿಯೂಟದ ಲೆಕ್ಕ ಎಲ್ಲಕ್ಕಿಂತ ಸುಲಭ, ಅದಕ್ಕೇ ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಕೇಂದ್ರದ ಮಾನದಂಡದಂತೆ ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ 150, 30, 75 ಮತ್ತು 7.5 ಗ್ರಾಂ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 80 ಮಕ್ಕಳು ಊಟಕ್ಕೆ ಕೂತರೆ ಆ ದಿನ 8 ಕೆಜಿ ಅಕ್ಕಿ, 1.6 ಕೆಜಿ ಬೇಳೆ, 4 ಕೆಜಿ ತರಕಾರಿ, 400 ಗ್ರಾಂ ಎಣ್ಣೆ ಖರ್ಚಾಗಬೇಕು. ಒಂದು ವಾರ ಪಂಕ್ತಿಯಲ್ಲಿ ತಲೆ ಎಣಿಸಿ, ಅದೇ ದಿನ ತಾರೀಖಿನೊಂದಿಗೆ ಬರೆದಿಡಿ. ಅದನ್ನು ಹಾಜರಾತಿಗೂ ದಾಸ್ತಾನು ವಹಿಗೂ ತಾಳೆ ನೋಡಿ. ಒಂದು ದಿನ ಎರಡು ಮೂರು ತಲೆ ಹೆಚ್ಚುಕಮ್ಮಿಯಾದರೆ ಅದು ಸುದ್ದಿಯಲ್ಲ. ಆರು ದಿನವೂ ವಹಿಯಲ್ಲಿ 80, ಪಂಕ್ತಿಯಲ್ಲಿ 62 ಇದ್ದರೆ ಕೇಳಲೇಬೇಕು. ಆದರೆ ಅಡುಗೆಯವರ ಮೇಲೆ ಹರಿಹಾಯಬೇಡಿ. ಅವರು ಬೇಯಿಸುವುದು ಅಳೆದು ಕೊಟ್ಟಷ್ಟನ್ನೇ.

ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಅನುದಾನಕ್ಕೂ ಊಟಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರದೇ ಹೊಣೆ.

ಹೆಚ್ಚಿನ ಅರ್ಜಿಗಳು ಸೋಲುವುದು ಪ್ರಶ್ನೆಯ ಧಾಟಿಯಿಂದ. "ಶೌಚಾಲಯ ಯಾಕೆ ರಿಪೇರಿ ಮಾಡಿಸಿಲ್ಲ?" ಎಂದರೆ "ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಮೇಲ್ಕಂಡ ಶಾಲೆಗೆ 2024-25ನೇ ಸಾಲಿನಲ್ಲಿ ಬಿಡುಗಡೆಯಾದ ಶಾಲಾ ಅನುದಾನದ ಆದೇಶ, ಆ ಅವಧಿಯ ನಗದು ಪುಸ್ತಕದ ಪುಟಗಳು, ಖರ್ಚಿನ ವೋಚರ್‌ಗಳು ಹಾಗೂ ಖರ್ಚಿಗೆ ಒಪ್ಪಿಗೆ ನೀಡಿದ ಎಸ್‌ಡಿಎಂಸಿ ನಡಾವಳಿ, ಇವುಗಳ ದೃಢೀಕೃತ ಪ್ರತಿ ಒದಗಿಸುವುದು." ಕಾರಣ ಹೇಳಬೇಕಾಗಿಲ್ಲ, ಹೇಳಲೂ ಬೇಡಿ. ಮಕ್ಕಳ ಹೆಸರಿರುವ ಪಟ್ಟಿ ಕೇಳಬೇಡಿ, ಸಂಖ್ಯೆ ಸಾಕು.

ಶುಲ್ಕದ ಪೋಸ್ಟಲ್ ಆರ್ಡರ್ ನಂಬರನ್ನು ಅರ್ಜಿಯಲ್ಲೇ ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರಕ್ಕೆ 30 ದಿನ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಎಂದು ಪತ್ರ ಬಂದರೆ ತಡಮಾಡಬೇಡಿ, ನೀವು ಕಟ್ಟುವವರೆಗಿನ ದಿನಗಳು ಆ ಮೂವತ್ತರಲ್ಲಿ ಸೇರುವುದಿಲ್ಲ. ಗಡುವು ಮೀರಿ ಕೊಟ್ಟರೆ ಪ್ರತಿಗಳು ಪುಕ್ಕಟೆ. ಉತ್ತರವೇ ಬರದಿದ್ದರೆ ನಿರಾಕರಣೆ ಎಂದೇ ಅರ್ಥ: ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಕೈಕೊಟ್ಟರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಎಷ್ಟೋ ಒಳ್ಳೆಯ ಅರ್ಜಿಗಳು ಈ ತಾರೀಖುಗಳನ್ನು ಮರೆತೇ ಸತ್ತಿವೆ. ಮೂರೂ ದಿನಾಂಕವನ್ನು ಅರ್ಜಿ ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ದಾಖಲೆ ಕೈಗೆ ಬಂದ ಮೇಲೆ ದೂರು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯಿತಿ, ನಗರಸಭೆಯಂಥ ಸಂಸ್ಥೆಗೆ) ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮಕ್ಕಳಿಗೆ ಹೊಡೆಯುವುದು, ಜಾತಿ ನೋಡಿ ಬೇರೆ ಕೂರಿಸುವುದು ಇಂಥವುಗಳಿಗೆ ಮಾತ್ರ ದಾಖಲೆ ಕೂಡುವವರೆಗೆ ಕಾಯಬೇಡಿ, ಆ ದಿನವೇ ದೂರು ಕೊಡಿ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದೂರಿನ ಕೆಳಗೆ ಒಬ್ಬರ ಸಹಿ ಇರಬಾರದು. ಒಬ್ಬರೇ ಆದರೆ ಅದರ ಬಿಸಿ ಮರುದಿನ ತರಗತಿಯಲ್ಲಿ ಅವರ ಮಗುವಿಗೆ ತಟ್ಟುತ್ತದೆ. ಹತ್ತು ಹನ್ನೆರಡು ಪೋಷಕರು ಸಹಿ ಹಾಕಿ, ಲಗತ್ತುಗಳಿಗೆ ಪುಟಸಂಖ್ಯೆ ಕೊಟ್ಟು, ಒಂದು ಪ್ರತಿ ಬಿಇಒಗೆ, ಒಂದು ಗ್ರಾಮ ಪಂಚಾಯಿತಿಗೆ, ಮೊಹರಿರುವ ಒಂದು ನಿಮ್ಮ ಕಡತಕ್ಕೆ. ವೋಚರ್ ಫೋಟೊಗಳನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗಂತೂ ಹಾಕಬೇಡಿ. ವಿಚಾರಣೆ ಮುಗಿಯುವ ಮೊದಲು ಯಾರನ್ನಾದರೂ ಕಳ್ಳ ಎಂದರೆ, ಲೆಕ್ಕದ ಮಾತು ಹೋಗಿ ಮಾನಹಾನಿಯ ಮಾತು ಶುರುವಾಗುತ್ತದೆ.