ಬರೀ ಒಂದು ಕಟಿಂಗ್ ಚಹಾ, ಅಷ್ಟೇ ಅಕ್ಕ

ಮುಂಬಯಿಯ ಮಾಟುಂಗಾದ ಒಂದು ಲ್ಯಾಬಿನಲ್ಲಿ 18 ವರ್ಷದಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆದರೆ ಮೊದಲು ಬರುವವರು ಹೋಟೆಲ್ ಕೆಲಸದ ನಮ್ಮ ಊರಿನವರು. "ಏನಾದ್ರೂ ತಿಂದ್ರಾ?" ಅಂತ ಕೇಳುತ್ತೇನೆ. "ಇಲ್ಲಕ್ಕ, ಬರೀ ಒಂದು ಕಟಿಂಗ್ ಚಹಾ" ಅನ್ನುತ್ತಾರೆ. ಆ ಅರ್ಧ ಲೋಟ ಚಹಾದಲ್ಲಿ ಹಾಲೂ ಇದೆ, ಸಕ್ಕರೆಯೂ ಇದೆ, ಅಲ್ವಾ? ಬೇಜಾರಾದರೂ ಅವರನ್ನು ನಾಳೆ ಬನ್ನಿ ಅಂತ ಕಳಿಸುತ್ತೇನೆ. ಫಾಸ್ಟಿಂಗ್ ಶುಗರ್‌ಗೆ 8 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ನೀರು ಮಾತ್ರ ಚೆನ್ನಾಗಿ ಕುಡಿದು ಬನ್ನಿ, ನರ ಬೇಗ ಸಿಗುತ್ತದೆ.

ಫಾಸ್ಟಿಂಗ್ 100ರ ಒಳಗಿದ್ದರೆ ಸರಿ. 126 ಮುಟ್ಟಿದರೆ ಸಕ್ಕರೆ ಕಾಯಿಲೆಯೇ ಅಂತ ಡಾಕ್ಟರು ಇನ್ನೊಮ್ಮೆ ಮಾಡಿಸಿ ಖಾತ್ರಿ ಮಾಡಿಕೊಳ್ಳುತ್ತಾರೆ. ಊಟದ ನಂತರದ ಟೆಸ್ಟಿಗೆ 2 ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ.

ಎಚ್‌ಬಿಎ1ಸಿ ಅಂದರೆ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಲೆಕ್ಕ. ಕೆಂಪು ರಕ್ತಕಣ 120 ದಿನದಷ್ಟು ಬದುಕುತ್ತದೆ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. 5.7ರ ಕೆಳಗಿದ್ದರೆ ಒಳ್ಳೆಯದು, 6.5 ಆದರೆ ಸಕ್ಕರೆ ಕಾಯಿಲೆ. ನಮ್ಮ ಅಮ್ಮನಿಗೆ ಒಮ್ಮೆ 6.3 ಬಂತು. ಫಾಸ್ಟಿಂಗ್ ನೋಡಿದರೆ 92! ಹಿಮೋಗ್ಲೋಬಿನ್ ಬರೀ 8.4 ಇತ್ತು, ಹೆಂಗಸರಿಗೆ 12 ಆದರೂ ಬೇಕು. ಕಬ್ಬಿಣ ಕಡಿಮೆ ಇದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಡಾಕ್ಟರು ಮೊದಲು ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳ ಮೇಲೆ 5.6ಕ್ಕೆ ಇಳಿಯಿತು.

ಕ್ರಿಯಾಟಿನಿನ್ ಟೆಸ್ಟ್ ಕಿಡ್ನಿಗೆ, ಎಸ್‌ಜಿಪಿಟಿ ಲಿವರ್‌ಗೆ, ಟಿಎಸ್‌ಎಚ್ ಥೈರಾಯ್ಡ್‌ಗೆ. ಟಿಎಸ್‌ಎಚ್ ಜಾಸ್ತಿ ಬಂದರೆ ಸಾಮಾನ್ಯವಾಗಿ ಥೈರಾಯ್ಡ್ ನಿಧಾನವಾಗಿದೆ ಅಂತ ಅರ್ಥ. ಇದನ್ನು ತುಂಬಾ ಜನ ಉಲ್ಟಾ ತಿಳಿದುಕೊಂಡಿರುತ್ತಾರೆ.

ಮುಂಬಯಿ ಮಳೆಗಾಲದಲ್ಲಿ ಡೆಂಗ್ಯೂ ಭಯಕ್ಕೆ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ. 1.5 ಲಕ್ಷದಿಂದ 4.5 ಲಕ್ಷ ಇರಬೇಕು. ಹೋದ ಜುಲೈನಲ್ಲಿ ಜ್ವರ ಬಂದ ಹುಡುಗನೊಬ್ಬನಿಗೆ ಮಷಿನ್ 38,000 ತೋರಿಸಿತು. ಅವನ ತಾಯಿ ಬೆಂಚಿನ ಮೇಲೆ ಕುಸಿದು ಕೂತರು. ನಮ್ಮ ಪೆಥಾಲಜಿಸ್ಟ್ ಮೇಡಂ ಅದೇ ರಕ್ತದ ಒಂದು ಹನಿಯನ್ನು ಸ್ಲೈಡಿನ ಮೇಲೆ ಎಳೆದು ನೋಡಿ, ನನ್ನನ್ನೂ ಕರೆದರು. ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. ಮಷಿನ್ ಅವನ್ನು ಬಿಡಿಬಿಡಿಯಾಗಿ ಎಣಿಸುವುದಾದರೂ ಹೇಗೆ? ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕುವ ಇಡಿಟಿಎ ಕೆಲವರ ರಕ್ತಕ್ಕೆ ಹೀಗೆ ಮಾಡುತ್ತದೆ. ಇಡಿಟಿಎ ಇಲ್ಲದ ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ತೆಗೆದೆ. 1,72,000 ಬಂತು. ಆ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಹಾಗಾಗಿ ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ತೀರಾ ಕಡಿಮೆ ಬಂದರೆ "ಸ್ಮಿಯರ್ ನೋಡಿದ್ದೀರಾ?" ಅಂತ ಲ್ಯಾಬಿನವರನ್ನು ಕೇಳಿ; ಸ್ಮಿಯರ್ ಅಂದರೆ ಹಾಗೆ ಸ್ಲೈಡಿನ ಮೇಲೆ ಎಳೆದ ರಕ್ತದ ಹನಿ. ಕೇಳಲು ಸಂಕೋಚ ಬೇಡ. ಆದರೆ ಜ್ವರದ ಜೊತೆ ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಎರಡನೇ ರಿಪೋರ್ಟಿಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.