ಬೇತ್ಲೆಹೇಮಿನ ನಕ್ಷತ್ರವನ್ನು ಪಂಚಾಂಗದ ಕಣ್ಣಲ್ಲಿ ಹುಡುಕಿದೆ

ನಮ್ಮ ಮನೆಯ ಹಳೆಯ ಕನ್ನಡ ಬೈಬಲ್‌ನಲ್ಲಿ ನಕ್ಷತ್ರವೊಂದನ್ನು ಕಂಡು ಮಗು ಯೇಸುವನ್ನು ನೋಡಲು ಬಂದವರು 'ಮೂಡಣ ದೇಶದ ಜೋಯಿಸರು'. ಚಿಕ್ಕಂದಿನಿಂದ ಓದಿದ ಮಾತು. ಆದರೂ ನಾನು ಹುಡುಕುತ್ತಿದ್ದದ್ದು ಫಳಫಳ ಹೊಳೆಯುವ ಏನನ್ನೋ: ಧೂಮಕೇತು, ಸಿಡಿದ ನಕ್ಷತ್ರ, ಹೀಗೆ.

ದಾರಿ ತೋರಿಸಿದ್ದು ಆಗಿನ ರಾಜ ಹೆರೋದನ ಪ್ರಶ್ನೆ. ನಕ್ಷತ್ರ ಕಂಡದ್ದು ಯಾವಾಗ ಅಂತ ಅವನು ಜೋಯಿಸರನ್ನು ಗುಟ್ಟಾಗಿ ಕರೆಸಿ ಕೇಳುತ್ತಾನೆ (ಮತ್ತಾಯ 2:7). ಊರಿಗೆಲ್ಲ ಕಂಡಿದ್ದರೆ ಕೇಳಬೇಕಿರಲಿಲ್ಲ, ಅಲ್ವಾ? ಗ್ರೀಕ್ ಮೂಲದಲ್ಲಿ ಜೋಯಿಸರ ಬಾಯಲ್ಲಿ ಬರುವ ಪದ 'ಅನತೊಲೆ'. ಅದಕ್ಕೆ ಮೂಡಣ ಅಂತಲೂ ಅರ್ಥ, ಉದಯ ಅಂತಲೂ ಅರ್ಥ. ಪಂಚಾಂಗ ನೋಡುವವರಿಗೆ ಇದು ಗೊತ್ತು. ಗುರು ಸೂರ್ಯನ ಬೆಳಕಲ್ಲಿ ಮರೆಯಾದರೆ ಗುರು ಅಸ್ತ, ಮದುವೆ ಮುಂಜಿ ನಿಲ್ಲುತ್ತವೆ. ಕೆಲವು ವಾರದ ನಂತರ ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಕಂಡರೆ ಗುರು ಉದಯ.

ಅಮೆರಿಕದ ಖಗೋಳ ವಿಜ್ಞಾನಿ ಮೈಕೆಲ್ ಮೋಲ್ನರ್ ಹಿಡಿದದ್ದೂ ಇದೇ ಎಳೆ. ಪ್ರಾಚೀನ ಸಿರಿಯಾದ ಅಂತಿಯೋಕ್ಯ ಪಟ್ಟಣದ ಹಳೆಯ ನಾಣ್ಯವೊಂದರಲ್ಲಿ ಟಗರು ತಲೆ ತಿರುಗಿಸಿ ನಕ್ಷತ್ರ ನೋಡುತ್ತಿರುವ ಚಿತ್ರ ಅವರ ಗಮನ ಸೆಳೆಯಿತು. 2ನೇ ಶತಮಾನದ ಜ್ಯೋತಿಷಿ ಟಾಲೆಮಿ ಯೇಸು ಹುಟ್ಟಿದ ನಾಡಾದ ಯೂದಾಯವನ್ನು ಮೇಷ ರಾಶಿಗೇ ಸೇರಿಸಿದ್ದಾನೆ. ಮೋಲ್ನರ್ ಪ್ರಕಾರ ಆ ನಕ್ಷತ್ರ ಗುರುವೇ, ಅದು ಮೇಷದಲ್ಲಿ ಉದಯವಾದ ದಿನ ಕ್ರಿ.ಪೂ. 6ರ ಏಪ್ರಿಲ್ 17.

ಯಾವ ದಿನದ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಂ ಎಂಬ ತಂತ್ರಾಂಶದಲ್ಲಿ ಆ ದಿನವನ್ನು ನಾನೇ ಹಾಕಿ ನೋಡಿದೆ. ಮೊದಲ ಸಲ ವರ್ಷ -6 ಅಂತ ಕೊಟ್ಟೆ. ಗುರು ಮೇಷದಲ್ಲೇ ಇರಲಿಲ್ಲ! ಖಗೋಳದ ಲೆಕ್ಕದಲ್ಲಿ ಸೊನ್ನೆ ವರ್ಷವೂ ಬರುತ್ತದೆ, ಹಾಗಾಗಿ ಕ್ರಿ.ಪೂ. 6 ಅಂದರೆ -5. ನೀವು ನೋಡುವುದಾದರೆ ಇದನ್ನು ಮರೆಯಬೇಡಿ. ಜಾಗ ಯೆರೂಸಲೇಮ್, ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು. ದಿಗಂತಕ್ಕೆ ಅಂಟಿಕೊಂಡ ಹಾಗೆ ಗುರು, ತುಸು ಮೇಲೆ ತೆಳ್ಳನೆಯ ಚಂದ್ರ. ಗಂಟೆ ಮುಂದಕ್ಕೆ ಸರಿಸುತ್ತಾ ಹೋದೆ. ಚಂದ್ರ ಮೆಲ್ಲಗೆ ಗುರುವಿನ ಕಡೆ ಜಾರಿ, ಮಧ್ಯಾಹ್ನದ ಹೊತ್ತಿಗೆ ಅದನ್ನು ಮುಚ್ಚಿಬಿಟ್ಟ.

ಹಾಡಹಗಲು! ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅರಮನೆಯವರು ತಲೆಯೆತ್ತಿ ನೋಡಿದ್ದರೂ ವಿಶೇಷ ಏನೂ ಕಾಣುತ್ತಿರಲಿಲ್ಲ. ಗ್ರಹಗತಿ ಲೆಕ್ಕ ಹಾಕುವವರಿಗೆ ಮಾತ್ರ ಅದು ರಾಜ ಹುಟ್ಟುವ ಸೂಚನೆ. ಅದನ್ನು ನೋಡಿದ ಮೇಲೆ ಹೆರೋದನ ಪ್ರಶ್ನೆ ನನಗೆ ಸಹಜ ಅನ್ನಿಸಿತು.

ಇನ್ನು ಮತ್ತಾಯನಲ್ಲಿ ಬರುವ 'ನಕ್ಷತ್ರ ನಿಂತಿತು' ಅನ್ನುವ ಮಾತು. ಅದೇ ವರ್ಷ ಡಿಸೆಂಬರ್ 19ರ ಹೊತ್ತಿಗೆ, ವಕ್ರದಲ್ಲಿದ್ದ, ಅಂದರೆ ಹಿಂದಕ್ಕೆ ಸರಿಯುವಂತೆ ಕಾಣುತ್ತಿದ್ದ ಗುರು ಮೇಷದಲ್ಲೇ ನಿಂತು ಮತ್ತೆ ನೇರ ನಡಿಗೆಗೆ ತಿರುಗುತ್ತದೆ. ಅಷ್ಟರ ಮಟ್ಟಿಗೆ ಸರಿ. ಆದರೆ ಮತ್ತಾಯ ಹೇಳುವುದು ಮಗುವಿದ್ದ ಸ್ಥಳದ ಮೇಲೆ ನಿಂತಿತು ಅಂತ. ರಾಶಿಯಲ್ಲಿ ನಿಂತ ಗ್ರಹ ಒಂದು ಮನೆಯನ್ನು ತೋರಿಸಲಾರದು. ಎಳೆದು ಹೊಂದಿಸಲು ನನಗೆ ಮನಸ್ಸಿಲ್ಲ. ಆ ವಚನವನ್ನು ಹಾಗೇ ಬಿಟ್ಟಿದ್ದೇನೆ.